ನಿಮ್ಮ ಭಾವ ಹೇಳುವ ಕಥೆ

ಕಲ್ಯಾಣದುರ್ಗ
21-9-2004, ಮಂಗಳವಾರ

ಚಿ. ಸೌ. ಶ್ರೀಲತಾಳಿಗೆ ನಿನ್ನ ಅಕ್ಕ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂರುವುದು, ಹಾಲು ಉಕ್ಕಿತೆಂದು ಏಳುವುದು, ಮತ್ತೆ ಕೂತರೆ ಬರೆದದ್ದೆಲ್ಲ ಸುಳ್ಳೆನಿಸಿ ಹರಿದು ಒಲೆಗೆ ಹಾಕುವುದು, ಇದೇ ಆಯಿತು. ಕೋಪ ಮಾಡಿಕೊಳ್ಳಬೇಡ. ಇವತ್ತು ಮುಗಿಸಲೇಬೇಕು. ಭಾನುವಾರ ನಿಮ್ಮ ಭಾವ ಹಿಂದೂಪುರಕ್ಕೆ ಬರುತ್ತಾರೆ, ಅದಕ್ಕೆ ಮುಂಚೆ ಇದು ನಿನ್ನ ಕೈ ಸೇರಬೇಕು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಭಾವ ಕುಂದುರ್ಪಿ ಲೈನಿನಲ್ಲಿ ಜೀಪು ಓಡಿಸುತ್ತಿದ್ದಾರೆ. ನಮ್ಮ ಗಂಗ ಕಾಲೇಜಿನಲ್ಲಿ ಇಂಟರ್ ಸೇರಿದ್ದಾಳೆ. ಚಿಕ್ಕಂದಿನ ಜ್ವರದಲ್ಲಿ ಎಡಗಿವಿ ಹೋಯಿತಲ್ಲ, ಮುಂದಿನ ಬೆಂಚಿನಲ್ಲಿ ಕೂತು ಹೇಗೋ ನಿಭಾಯಿಸುತ್ತಾಳೆ.

ಭಾವನನ್ನು ಕಳಿಸು, ಕುಡಿತ ಬಿಟ್ಟ ಕಥೆಯನ್ನು ನಿನ್ನ ರಾಜೇಶನ ಮುಂದೆ ಹೇಳಲಿ ಎಂದು ಬರೆದಿದ್ದೀಯ. ಕಳಿಸುತ್ತೇನೆ. ಆ ಕಥೆಗೆ ಶಕ್ತಿ ಇದೆ ಕಣೇ, ಇಲ್ಲವೆನ್ನಲಾರೆ. ಇಲ್ಲಿ ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಮನೆಯವರೊಡನೆ ಸ್ಕೂಲಿನ ಕೋಣೆಯಲ್ಲಿ ಸೇರುತ್ತಾರೆ. ಒಬ್ಬೊಬ್ಬರೇ ಎದ್ದು ತಮ್ಮ ಕಥೆ ಹೇಳುತ್ತಾರೆ. ಭಾವ ಒಂದು ಸಲ ಕಂಠಪೂರ್ತಿ ಕುಡಿದು, ತಮ್ಮದೇ ಜೀಪಿನ ಹಿಂದಿನ ಸೀಟಿನಲ್ಲಿ ಕೂತು, "ಈ ಡ್ರೈವರ್ ಯಾಡ ಸಚ್ಚಿನಾಡ್ರಾ" ಎಂದು ತೆಲುಗಿನಲ್ಲಿ, ಎಲ್ಲಿ ಸತ್ತನೋ ಇವನು ಅಂತ, ಬಾರದ ಡ್ರೈವರನನ್ನು ಬೈದಿದ್ದರಂತೆ. ಅದನ್ನು ಹೇಳಿದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಮುನೆಪ್ಪ ಎಂಬವನು ನಗುತ್ತಾ ನಗುತ್ತಾ ಅತ್ತುಬಿಟ್ಟ. ಆಮೇಲೆ ಬ್ರಾಂದಿ ಷಾಪಿನ ಕಡೆ ತಲೆ ಹಾಕಿಲ್ಲ. ಅವನ ತಾಯಿ ಹಸಿ ಕಡಲೆಕಾಯಿ ತಂದುಕೊಟ್ಟು, ನಿನ್ನ ಗಂಡ ದೇವರಂಥವನು ಅಂದಳು. ನಾನು ಕಾಯಿ ಬೇಯಿಸಿ ಬೀದಿಗೆಲ್ಲ ಹಂಚಿದೆ. ದೇವರ ವಿಷಯ ಏನೂ ಹೇಳಲಿಲ್ಲ.

ಆದರೆ ಒಂದು ತಿಳಿದುಕೋ. ಅದು ಅವರು ನೆನಪಿನಿಂದ ಹೇಳುವ ಕಥೆಯಲ್ಲ. ಅಷ್ಟು ಕುಡಿದವರಿಗೆ ಬೆಳಗಾದರೆ ಎಲ್ಲಿಯ ನೆನಪು? ಮೊದಲ ಸಭೆಗೆ ಹೋಗುವ ಮುಂಚೆ ನನ್ನೆದುರು ಕೂತು, "ನಾನೇನೇನು ಮಾಡ್ದೆ ಎಲ್ಲಾ ಹೇಳ್ಬುಡು, ಒಂದೂ ಬಿಡಬ್ಯಾಡ" ಅಂದರು. ಜೀಪಿನದು ಹೇಳಿದೆ. ನಾದಿನಿಯ ಮದುವೆಯಲ್ಲಿ ಚಪ್ಪರದ ಕಂಬ ಕಿತ್ತದ್ದು ಹೇಳಿದೆ. ನನ್ನ ಕೈ ಮುರಿದದ್ದೂ ಹೇಳಿದೆ. ಮಗುವಿನ ಹಾಗೆ ಅತ್ತರು. ಈಗಲೂ ಒಮ್ಮೊಮ್ಮೆ, ಇನ್ನೇನಾದರೂ ಉಳಿದಿದೆಯಾ ಎಂದು ಕೇಳುತ್ತಾರೆ. ಇಲ್ಲ ಅನ್ನುತ್ತೇನೆ.

ಹೆಂಡತಿಯ ತಾಳ್ಮೆಯೇ ನನ್ನನ್ನು ಉಳಿಸಿತು ಎಂದು ಅವರು ಹೇಳುವಾಗ ಹೆಂಗಸರೆಲ್ಲ ನನ್ನ ಕಡೆ ತಿರುಗಿ ನೋಡುತ್ತಾರೆ. ತಾಳ್ಮೆಯಂತೆ, ತಾಳ್ಮೆ. ಹೋಗಲು ಜಾಗವಿರಲಿಲ್ಲ, ಇದ್ದೆ. ಕೊನೆಗೆ ಎದೆಯ ಮೇಲೆ ಕೈಯಿಟ್ಟು, "ಎಷ್ಟೇ ಕುಡ್ದಿದ್ರೂ ಮಗಳ ಮೈಮ್ಯಾಲೆ ಒಂದೇಟು ಹಾಕಿಲ್ಲ ಕಣ್ರಪ್ಪಾ" ಅನ್ನುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ. ಅಷ್ಟು ಹೊತ್ತಿಗೆ ನಾನು ಚಪ್ಪಲಿ ಮೆಟ್ಟಿ ಹೊರಗೆ ಹೋಗಿರುತ್ತೇನೆ.

ಈಗ ಹೊರಗೆ ಹಾರನ್ ಕೇಳಿತು. ಅವರೇ ಎಂದುಕೊಂಡು ಕಾಗದವನ್ನು ಅಕ್ಕಿ ಡಬ್ಬದ ಹಿಂದೆ ತುರುಕಿದೆ. ಯಾರೋ ಬೇರೆಯವರು. ನನ್ನ ಮನೆಯಲ್ಲಿ ನಾನೇ ಕಳ್ಳಿಯಾಗಿದ್ದೇನೆ ನೋಡು.

ರಾಜೇಶ ಕುಡಿತ ಬಿಟ್ಟ ಎಂದು ನೀನು ಬರೆದ ದಿನ ನಿನ್ನ ಬಾಯಿಗೆ ಸಕ್ಕರೆ ಹಾಕುತ್ತೇನೆ. ಆದರೆ ಅಕ್ಕ ಕಾದಳು, ನಾನೂ ಕಾಯುತ್ತೇನೆ ಎಂದುಕೊಳ್ಳಬೇಡ. ಇವರು ಯಾಕೆ ಬಿಟ್ಟರೋ ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ನಿನ್ನ ಕಾಗದದ ಒಂದು ಮಾತು ನನ್ನನ್ನು ಕೂರಲು ಬಿಡುತ್ತಿಲ್ಲ, ನಿಲ್ಲಲು ಬಿಡುತ್ತಿಲ್ಲ. ರಾಜೇಶ ಕುಡಿದು ಕೂಗಾಡುವಾಗ ಊಟದ ತಟ್ಟೆಯನ್ನು ಕೀರ್ತನಾಳ ಕೈಯಲ್ಲಿ ಕಳಿಸುತ್ತೀಯಂತೆ. ಮಗಳೆಂದರೆ ಅವನಿಗೆ ಪ್ರಾಣ, ಅವಳು ಹೋದರೆ ಸುಮ್ಮನಾಗುತ್ತಾನಂತೆ. ಇನ್ನು ಕಳಿಸಬೇಡ.

ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ. ರಾಜೇಶನಿಗೂ ಮಗುವಿಗೂ ನಮ್ಮ ಆಶೀರ್ವಾದ ತಿಳಿಸು. ಓದಿದ ಮೇಲೆ ಇದನ್ನು ಒಲೆಗೆ ಹಾಕು.

ನಿನ್ನ ಅಕ್ಕ,
ಶಿವಲಕ್ಷ್ಮಮ್ಮ

ತಾ. ಕ.: ಗಂಗಳ ಕಿವಿ ಹೋದದ್ದು ಜ್ವರದಿಂದಲ್ಲ. ನಾನೂ ನಿನ್ನ ಹಾಗೆಯೇ ಎಣಿಸಿ, ಅವಳ ಕೈಯಲ್ಲಿ ನೀರಿನ ಚೊಂಬು ಕಳಿಸಿದ್ದೆ. ಆಗ ನಿನ್ನ ಕೀರ್ತನಾಳಷ್ಟೇ ಇದ್ದಳು. ಒಂದೇ ಏಟು. ಬೆಳಿಗ್ಗೆ ಅವರೇ ಅವಳನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದರು, ಜ್ವರವೆಂದು ನಾನು ಹೇಳಿದ್ದನ್ನೇ ಡಾಕ್ಟರಿಗೂ ಹೇಳಿದರು. ಈಗ ನಿಜ ಹೇಳಿದರೆ ಮತ್ತೆ ಷಾಪಿನ ದಾರಿ ಹಿಡಿಯುತ್ತಾರೇನೋ ಎಂಬ ಭಯ. ಗಂಗಳಿಗೆ ಎಲ್ಲಾ ನೆನಪಿದೆ. "ಅಪ್ಪಂಗೆ ಹೇಳ್ಬ್ಯಾಡಮ್ಮ" ಎಂದು ಅವಳೇ ನನ್ನ ಬಾಯಿ ಕಟ್ಟಿದ್ದಾಳೆ. ಭಾನುವಾರ ಭಾವ ವಾಪಸ್ಸು ಬರುವಾಗ ಕೀರ್ತನಾಳನ್ನು ಅವರ ಜೊತೆ ಕಳಿಸಿಬಿಡು, ರಾಜೇಶ ಸರಿಹೋಗುವವರೆಗೆ ನಮ್ಮಲ್ಲಿರಲಿ. ಇದನ್ನೆಲ್ಲ ಓದಿ ಅವರ ಕೈಗೆ ಮಗುವನ್ನು ಕೊಡಲು ಹೆದರಬೇಡ. ಈಗಿನ ಅವರನ್ನು ನಾನು ನಂಬುತ್ತೇನೆ, ಗಂಗಳೂ ನಂಬುತ್ತಾಳೆ. ಮಗುವಿನ ಒಂದು ವರ್ಷದ ಸ್ಕೂಲು ಹೋದರೆ ಹೋಗಲಿ.