ಮೂಲೆ ಟ್ಯಾಂಕಿನ ಸೊಸೆ

ಮಾರ್ಚ್ 10, ಸಂಜೆ

ಪ್ರೀತಿಯ ಚಿನ್ನು,

ಚೆನ್ನಾಗಿದ್ದೀಯಲ್ಲ? ಕಾಗದ ತಡವಾಯಿತು, ಬೈಯಬೇಡ. ನಾನು ನಿನ್ನ ಹೆತ್ತ ಅಪ್ಪನಲ್ಲ ಅಂತ ಆಸ್ಪತ್ರೆಯ ಪರೀಕ್ಷೆಯಲ್ಲಿ ನಿನಗೆ ತಿಳಿದ ಮೇಲೆ ಏನು ಬರೆಯಲೂ ತೋಚದೆ ಕೂತಿದ್ದೆ. ನೀನು ಅಮ್ಮನ ಜೊತೆ ಮಾತು ಬಿಟ್ಟಿದ್ದೀಯ. ಫೋನ್ ಸದ್ದಾದರೆ ಸಾಕು, ಅವಳು ಒಲೆ ಆರಿಸಿ ಓಡಿಬರುತ್ತಾಳೆ. ಇರಲಿ, ಮೊದಲು ಸುದ್ದಿ ಕೇಳು. ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬಿಹೋಗುತ್ತದೆ!

ನಮ್ಮ ಅಕ್ವೇರಿಯಂನ ಮೂಲೆ ಟ್ಯಾಂಕಿನಲ್ಲಿ ಒಂದು ದೊಡ್ಡ ಗಂಡು ಮೀನಿದೆ. ನಾವು ಅದನ್ನು ಯಜಮಾನರು ಅನ್ನುತ್ತೇವೆ. ಕಲ್ಲಿನ ಸಂದಿಯಲ್ಲಿ ಗೂಡು ಮಾಡಿಕೊಂಡು, ಬೇರೆ ಗಂಡು ಹತ್ತಿರ ಸುಳಿದರೆ ಅಟ್ಟಾಡಿಸುತ್ತಾರೆ. ಒಂದು ಸಣ್ಣ ಹೆಣ್ಣಿಗೆ ಮಾತ್ರ ಯಾವಾಗಲೂ ಒಳಗೆ ಪ್ರವೇಶ. ಮಂಕು ಬಣ್ಣ, ಅಂಜುತ್ತಾ ಅಂಜುತ್ತಾ ಬರುವ ನಡೆ. ಸೊಸೆ ಅಂತ ಹೆಸರಿಟ್ಟವನು ನಾನೇ. ಹೊಟ್ಟೆ ದಪ್ಪಗಾದದ್ದು ನೋಡಿ ಬಸುರಿ ಅಂದುಕೊಂಡು, ಹೆಚ್ಚಿಗೆ ಹುಳ ಹಾಕಿ ಉಪಚಾರ ಬೇರೆ ಮಾಡಿದ್ದೆ!

ಹೋದ ತಿಂಗಳು ಇನ್ನೊಂದು ಹೆಣ್ಣು ಗೂಡಿನಲ್ಲಿ ಮೊಟ್ಟೆ ಇಡುತ್ತಿತ್ತು. ನಮ್ಮ ಸೊಸೆ ಪಕ್ಕದಲ್ಲಿ ನುಸುಳಿ, ಮೊಟ್ಟೆಗಳ ಮೇಲೆ ಹಾಲಿನಂಥದ್ದೇನೋ ಚೆಲ್ಲಿಬಿಟ್ಟಳು. ನಾನು ಕೂಗಿದ ಕೂಗಿಗೆ ಮೀನಿನ ಡಾಕ್ಟರಮ್ಮ ಚಹಾ ಬಿಟ್ಟು ಓಡಿಬಂದರು. "ಅಯ್ಯೋ ದೇವ್ರೇ, ಸೊಸೆ ಅಲ್ಲ ರೀ ಇದು, ಗಂಡು!"

ಹೆಣ್ಣಿನ ವೇಷದಲ್ಲಿ ಒಳಗೆ ನುಗ್ಗುವ ಗಂಡುಗಳೂ ಇರುತ್ತವಂತೆ. ಜಗಳಕ್ಕೆ ಮೈಯಲ್ಲಿ ಕಸುವಿಲ್ಲ, ತಿಂದದ್ದೆಲ್ಲ ವೀರ್ಯಕ್ಕೇ ಹೋಗುತ್ತದಂತೆ. ಆಮೇಲೆ ನೀರಿನಲ್ಲಿ ಇಬ್ಬರ ವೀರ್ಯಕ್ಕೂ ಓಟದ ಪಂದ್ಯ. ಯಾರದು ಮೊದಲು ಮೊಟ್ಟೆಯೊಳಗೆ ಹೊಕ್ಕಿತೋ ಮರಿ ಅವರದು. ಕೆಲವು ಮೊಟ್ಟೆ ಪರೀಕ್ಷೆಗೆ ಕಳಿಸಿದ್ದೆವು, ಇವತ್ತು ಉತ್ತರ ಬಂತು. ಅರ್ಧಕ್ಕರ್ಧ ಸೊಸೆಯವು ಕಣೇ! ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು.

ಯಜಮಾನರು ಮೊಟ್ಟೆ ಒಡೆಯುವ ತನಕ ಊಟ ಬಿಟ್ಟು, ರೆಕ್ಕೆ ಬೀಸಿ ಗಾಳಿ ಹಾಕುತ್ತಾ ಎಲ್ಲವನ್ನೂ ಕಾದಿದ್ದರು. "ಪಾಪ, ಚೆನ್ನಾಗಿ ಟೋಪಿ ಹಾಕಿಸ್ಕೊಂಡ್ರು ನೋಡಿ" ಅಂದರು ಡಾಕ್ಟರಮ್ಮ. ನನ್ನ ನಗು ಅಲ್ಲೇ ನಿಂತಿತು. "ಅಪ್ಪಂಗೆ ಟೋಪಿ ಹಾಕ್ದೆ" ಅಂತ ನೀನು ಅಮ್ಮನಿಗೆ ಅಂದೆಯಂತೆ.

ಹೊತ್ತಿಗೆ ಸರಿಯಾಗಿ ಉಣ್ಣು, ಕಣ್ಣಿಗೆ ನಿದ್ದೆ ಕೊಡು. ಎಲ್ಲಿದ್ದರೂ ತಣ್ಣಗಿರು ತಾಯಿ.

ನಿನ್ನ
ಅಪ್ಪ

ಮತ್ತೆ: ಆ ಮೀನಿಗೆ ಗೊತ್ತಿರಲಿಲ್ಲ ಚಿನ್ನು. ನನಗೆ ಗೊತ್ತಿತ್ತು. ನೀನು ಹೊಟ್ಟೆಯಲ್ಲಿರುವುದನ್ನು ಮದುವೆಗೆ ಮೊದಲೇ ಅಮ್ಮ ಹೇಳಿದ್ದಳು. ಗೊತ್ತಿದ್ದೇ ಅವಳ ಕೈ ಹಿಡಿದೆ, ಗೊತ್ತಿದ್ದೇ ನಿನ್ನನ್ನು ಎತ್ತಿಕೊಂಡೆ. ಅವಳನ್ನು ಮಾತಾಡಿಸು. ಮೊನ್ನೆ ಫೋನಿನಲ್ಲಿ ನನ್ನನ್ನು ಯಾರೋ ನೆಂಟರನ್ನು ವಿಚಾರಿಸಿದ ಹಾಗೆ ವಿಚಾರಿಸಿ ಇಟ್ಟುಬಿಟ್ಟೆ. ಅವತ್ತಿನಿಂದ ತುತ್ತು ಗಂಟಲಲ್ಲಿ ಇಳಿಯುತ್ತಿಲ್ಲ ಕಣೇ.