ಅಮ್ಮನ ದನಿಯ ತುಂಡುಗಳು

ಮೂಕಂಡಪಲ್ಲಿ, ಹೊಸೂರು
14-6-2025, ಶನಿವಾರ

ಪ್ರೀತಿಯ ತಮ್ಮ ಭೈರೇಶನಿಗೆ,

ನಿನ್ನ ಅಕ್ಕ ಕೋಮಲಾ ಮನಸಾರೆ ಹರಸಿ ಬರೆಯುವುದು. ಹೇಗಿದ್ದೀಯಪ್ಪ? ಒಮಾನಿನ ಆ ಬಿಸಿಲಿನಲ್ಲಿ ವೆಲ್ಡಿಂಗ್ ಕಿಡಿ ಬೇರೆ; ಕಣ್ಣುರಿ ಕಡಿಮೆಯಾಯಿತಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಒಣ ರೊಟ್ಟಿ ಮುರಿದುಕೊಂಡು ಮಲಗಿಬಿಡುತ್ತೀಯೋ? ನಾವಿಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ, ಆದರೆ ಕೈ ಬರುತ್ತಿಲ್ಲ. ಅಮ್ಮನ ಗಂಟಲಿನ ಆಪರೇಷನ್ ದಿನ ಗೊತ್ತಾಯಿತು. ಬರುವ ಶುಕ್ರವಾರ ಬಿಟ್ಟು ಅದರಾಚೆಯ ಶುಕ್ರವಾರ, ಬೆಂಗಳೂರಿನಲ್ಲಿ. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಲೇಬೇಕಂತೆ. ಜೀವ ಉಳಿಯುತ್ತದೆ, ಈ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದರು. ಸಂತೆಯಲ್ಲಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಕೂಗಿ ಸೊಪ್ಪು ಮಾರಿ ನಮ್ಮಿಬ್ಬರನ್ನು ಸಾಕಿದ ಗಂಟಲು ಕಣೋ ಅದು. ಡಾಕ್ಟರ ಮುಂದೆಯೇ ನಾನು ಅತ್ತುಬಿಟ್ಟೆ. ಅಮ್ಮ ಅಳಲಿಲ್ಲ.

ನೀನೋ, ರಜೆ ಸಿಕ್ಕಿದ್ದರೂ ಈಗ ಬರಲಾರೆ, ಅಮ್ಮನನ್ನು ಹಾಗೆ ನೋಡುವ ಧೈರ್ಯವಿಲ್ಲ, ಗಾಯ ಮಾಯ್ದ ಮೇಲೆ ಬರುತ್ತೇನೆ, ಅಷ್ಟರೊಳಗೆ ಅವಳ ಮಾತು ವೀಡಿಯೊ ಮಾಡಿ ಕಳಿಸು ಎಂದೆ. ಹೆದರುಪುಕ್ಕಲ! ಚಿಕ್ಕವನಿದ್ದಾಗ ಸೂಜಿ ಕಂಡರೆ ನನ್ನ ಲಂಗದ ಹಿಂದೆ ಅವಿತುಕೊಳ್ಳುತ್ತಿದ್ದವನು ನೀನು. ಸಿಟ್ಟು ಬಂತು, ಆದರೂ ಮಾಡಿಸಿದೆ. ಪಕ್ಕದ ಮನೆಯ ರಾಧಾಮಣಿ ತನ್ನ ಗಂಡ ಮದುವೆಗಳಿಗೆ ಒಯ್ಯುವ ಕ್ಯಾಮೆರಾ ತಂದು ಹಾಲಿನಲ್ಲಿ ನಿಲ್ಲಿಸಿದಳು. ಅಮ್ಮ ತಲೆ ಬಾಚಿ ನೀಲಿ ಸೀರೆ ಉಟ್ಟು ಕೂತಳು, ಆಮೇಲೆ ನಮ್ಮಿಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಗಂಟೆಯ ಮೇಲೆ ಮಾತಾಡಿದಳು. ಏನೆಂದು ನನಗೂ ಗೊತ್ತಿಲ್ಲ, ಅದು ನಿನ್ನದು.

ಮದುವೆ ಕ್ಯಾಮೆರಾ ಆದ್ದರಿಂದ ಫೈಲು ಭಾರಿ ದೊಡ್ಡದಾಯಿತು. ವಾಟ್ಸಾಪ್‌ನಲ್ಲಿ ಒಂದು ಚೂರು ಕಳಿಸಿ ನೋಡಿದೆ, ಅಮ್ಮನ ದನಿ ತಗಡು ಬಡಿದಂತೆ ಕೇಳಿತು. ಇಡಿಯಾಗಿ ಡ್ರೈವ್‌ಗೆ ಹಾಕಿದರೆ ನಿನ್ನ ಕ್ಯಾಂಪಿನ ನೆಟ್ ಅರ್ಧ ದಾರಿಯಲ್ಲಿ ಕೈಕೊಡುತ್ತದೆ, ಮತ್ತೆ ಮೊದಲಿನಿಂದ. ಅದಕ್ಕೇ ನನ್ನ ಕೆಲಸದ ಫ್ಯಾಕ್ಟರಿಯ ದೊಡ್ಡ ಡ್ರಾಯಿಂಗುಗಳನ್ನು ಗಿರಾಕಿಗಳಿಗೆ ಕಳಿಸುವ ರೀತಿಯಲ್ಲೇ ಮಾಡಿದೆ. ಕಂಪ್ಯೂಟರಿನಲ್ಲಿ ಕಮಾಂಡ್ ಟೈಪ್ ಮಾಡಿ, ಒಂದೊಂದೂ ಐವತ್ತು ಎಂಬಿ ಮೀರದ ಹಾಗೆ ಜಿಪ್ ತುಂಡುಗಳಾಗಿ ಒಡೆದೆ. ಒಂದೊಂದನ್ನೇ ಇಳಿಸಿಕೊ. ಕೆಟ್ಟರೆ ಕೆಟ್ಟ ತುಂಡೊಂದನ್ನು ಮತ್ತೆ ಇಳಿಸಿಕೊಂಡರೆ ಸಾಕು. ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿಡು. ದಮ್ಮಯ್ಯ, ‘ಅಮ್ಮ ಒಂದು, ಅಮ್ಮ ಎರಡು’ ಎಂದೆಲ್ಲ ಹೆಸರು ತಿದ್ದಬೇಡ, ತಿದ್ದಿದರೆ ಸೇರುವುದಿಲ್ಲ. ಕೊನೆಯ ತುಂಡಿನ ಹೆಸರು ಮಾತ್ರ ಜಿಪ್ ಎಂದು ಮುಗಿಯುತ್ತದೆ, ಯಾವ ತುಂಡಿನಲ್ಲಿ ಏನಿದೆ ಎಂಬ ಗುರುತೆಲ್ಲ ಅದರಲ್ಲೇ ಇರುವುದು. ಅದನ್ನು ತೆರೆದರೆ ಉಳಿದವು ತಾವಾಗಿ ಕೂಡಿಕೊಳ್ಳುತ್ತವೆ. ನಾನಿದನ್ನು ಮಾಡುವಾಗ ಅಮ್ಮ ಪಕ್ಕದಲ್ಲೇ ಕೂತು, ‘ನನ್ ಮಾತ್ನ ಸೊಪ್ಪಿನ ಕಟ್ಟು ಮಾಡ್ದಂಗೆ ಮಾಡ್ತಿದೀಯಲ್ಲೇ’ ಎಂದು ನಕ್ಕಳು. ಒಂದು ಕಟ್ಟು ತಪ್ಪಿದರೂ ಅವನಿಗೆ ಕೇಳೋದಿಲ್ಲವಾ ಎಂದು ವಿಚಾರಿಸಿದಳು. ಕೇಳೋದಿಲ್ಲ ಎಂದೆ. ಕಾಫಿ ಕುಡಿದು ಹೋಗಿ ಮಲಗಿದಳು.

ಮಗಳು ಭೂಮಿಕಾ ಮಾವನೆಲ್ಲಿ ಎಂದು ಕೇಳುತ್ತಲೇ ಇರುತ್ತಾಳೆ. ರಾಧಾಮಣಿ ಮನೆಯವರೂ ನಿನ್ನ ಕ್ಷೇಮ ವಿಚಾರಿಸಿದರು. ನೀರು ಚೆನ್ನಾಗಿ ಕುಡಿ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಕೋಮಲಾ

ತಾ.ಕ.: ಈ ಇಮೇಲ್ ಪತ್ರ ಮುಗಿಸಿ ತುಂಡುಗಳನ್ನು ಡ್ರೈವ್‌ಗೆ ಹಾಕುತ್ತಿದ್ದೆ. ಕೊನೆಯದೊಂದು ಬಾಕಿ ಇರುವಾಗ ಅಮ್ಮ ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು. ‘ಅದೊಂದು ಕಳಿಸ್ಬೇಡ. ಅಷ್ಟೊತ್ತು ಆ ಕ್ಯಾಮ್ರಾ ಮುಂದೆ ಮಾತಾಡ್ದೆ ಕಣೇ, ಅದು ಒಂದ್ಸಲಾನೂ ಊಂ ಅನ್ಲಿಲ್ಲ. ನಂಗೆ ಅವನು ಊಂ ಅನ್ಬೇಕು. ಗಂಟ್ಲು ಇರೋವಾಗ್ಲೇ ಬರಕ್ಕೇಳು’ ಎಂದಳು. ಭೈರಾ, ನಾನು ಕಳಿಸಿಲ್ಲ. ಅಳುತ್ತಾ ಬೇಡಿದರೂ ಕಳಿಸುವುದಿಲ್ಲ. ಇವತ್ತೇ ಟಿಕೆಟ್ ಮಾಡಿಸು.