ನಂಬರಿಲ್ಲದ ಕನ್ನಡಕ

ಅಜ್ಜಂಪುರ
ಶನಿವಾರ

ದೇವೀರಪ್ಪ ಮೇಷ್ಟ್ರಿಗೆ ದೀಪಶ್ರೀಯ ನಮಸ್ಕಾರಗಳು.

ನೀವು ನಿವೃತ್ತರಾಗಿ ಹೊರಡುವಾಗ, ನಿಮ್ಮ ಜಾಗಕ್ಕೆ ಬಂದ ನನಗೊಂದು ಉಪಾಯ ಹೇಳಿದ್ದಿರಿ: "ಸಿಟ್ಟು ಬರ್ಬೇಕು ಅಂತಿಲ್ಲ ಕಣಮ್ಮ, ಬಂದಂಗೆ ಕಂಡ್ರೆ ಸಾಕು. ಕನ್ನಡಕ ತೆಗ್ದು ನಿಧಾನಕ್ಕೆ ಒರ್ಸು." ನನ್ನ ಕಣ್ಣು ಚೆನ್ನಾಗಿಯೇ ಇದ್ದುದರಿಂದ ತರೀಕೆರೆಯಿಂದ ನಂಬರಿಲ್ಲದ ಕನ್ನಡಕ ತಂದೆ. ಒರೆಸಿದರೆ ತರಗತಿಯೆಲ್ಲ ಗಪ್‌ಚಿಪ್. ಒಳಗೊಳಗೇ ನಗುತ್ತ ಎರಡು ವರ್ಷ ಹೀಗೆಯೇ ಸಿಟ್ಟಾದೆ.

ಮೊನ್ನೆ ಅಮ್ಮನ ಆಪರೇಷನ್ ಸುದ್ದಿ ಬಂದಿತ್ತು. ಈಗ ಆರಾಮಾಗಿದ್ದಾರೆ. ಪಾಠದ ನಡುವೆ ಕನ್ನಡಕ ಮಂಜಾಯಿತು, ತೆಗೆದು ಒರೆಸಿದೆ. ಗಂಟೆ ಹೊಡೆದ ಮೇಲೆ ಹತ್ತನೇ ತರಗತಿಯ ಭೂಮಿಕಾ ಹತ್ತಿರ ಬಂದು, "ಇವತ್ತು ನಿಜ್ವಾಗ್ಲೂ ಒರ್ಸಿದ್ರಿ ಅಲ್ವಾ ಮಿಸ್? ದಿನಾ ಒರ್ಸೋದು ಸುಳ್ಳು ಅಂತ ನಮ್ಗೊತ್ತು" ಅಂದಳು.

ಗೊತ್ತಿದ್ದೂ ಯಾಕೆ ಸುಮ್ಮನಾಗುತ್ತೀರಿ ಎಂದು ಕೇಳಿದೆ.

"ಹೊಸ ಮಿಸ್ ಕನ್ನಡಕ ಒರ್ಸಿದ್ರೆ ಹೆದ್ರಿದಂಗೆ ಇರ್ರಪ್ಪಾ ಅಂತ ಮೇಷ್ಟ್ರು ಹೇಳಿ ಹೋಗಿದ್ರು."

ಆಗ ನಿಮ್ಮ ಮೇಲೆ ನಿಜವಾದ ಸಿಟ್ಟೇ ಬಂತು. ಬಸ್ ಹತ್ತುವಷ್ಟರಲ್ಲಿ ನಗು ಬಂತು.

ಈ ಸಲವೂ ವರ್ಗಾವಣೆಗೆ ಅರ್ಜಿ ಹಾಕಿಲ್ಲ. ಕಿರಿಯರಿಗೆಲ್ಲ ಭೂಮಿಕಾಳೇ ಹೇಳಿಕೊಟ್ಟಿದ್ದಳಂತೆ. ಮಾರ್ಚಿಗೆ ಅವಳು ಶಾಲೆ ಬಿಡುತ್ತಾಳೆ. ಜೂನ್‌ನಲ್ಲಿ ಎಂಟನೇ ತರಗತಿಗೆ ಹೊಸಬರು ಬಂದಾಗ ದಯವಿಟ್ಟು ಒಮ್ಮೆ ಬನ್ನಿ. ಅವರಿಗೂ ಆ ಮಾತು ಹೇಳಿ ಹೋಗಬೇಕು.

ನಿಮ್ಮ ಜಾಗದಲ್ಲಿರುವ,
ದೀಪಶ್ರೀ